ದುಡಿಮೆ ಮುಗಿದ ಮೇಲಿನ ರಕ್ಷೆ: ನಿವೃತ್ತರ ಆರೋಗ್ಯ ವಿಮೆ ಬೆಳೆದು ಬಂದ ದಾರಿ

ನಿವೃತ್ತಿಯ ಅಂಚಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಈಚೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಮೇಷ್ಟ್ರೇ, ಸರ್ಕಾರದ ಯೋಜನೆಯೊಂದೇ ಸಾಕೇ, ಸ್ವಂತ ವಿಮೆಯೂ ಬೇಕೇ?" ಇತಿಹಾಸದ ಮೇಷ್ಟ್ರಿಗೆ ಯಾವ ಪ್ರಶ್ನೆ ಬಂದರೂ ಮೊದಲು ಹಿಂದಕ್ಕೆ ತಿರುಗಿ ನೋಡುವ ಚಾಳಿ. ನೋಡಿದಾಗ ಕಾಣುವುದಿಷ್ಟು: ನಮ್ಮಲ್ಲಿ ಆರೋಗ್ಯ ರಕ್ಷೆಯು ದುಡಿಯುವ ಕೈಗಳಿಗಾಗಿ ಹುಟ್ಟಿತು, ದುಡಿದು ದಣಿದ ಕೈಗಳ ನೆನಪು ಅದಕ್ಕೆ ಬಹಳ ತಡವಾಗಿ ಬಂತು. ಇದನ್ನು ಅರಿತರೆ ಇಂದಿನ ಯೋಜನೆಗಳ ಗೋಜಲು ಅರ್ಧದಷ್ಟು ಬಿಡಿಸಿದಂತೆಯೇ.

ಮೂಲ ಹುಡುಕಿದರೆ ಜರ್ಮನಿಗೆ ಹೋಗಬೇಕು. ಅಲ್ಲಿ ಬಿಸ್ಮಾರ್ಕನು 1883ರಲ್ಲಿ ತಂದ ಕಾಯಿದೆಯಲ್ಲಿ ಕಾರ್ಮಿಕನೂ ಮಾಲೀಕನೂ ಸೇರಿ ನಿಧಿಗೆ ಹಣ ಕಟ್ಟುತ್ತಿದ್ದರು. ಕೂಲಿಯಿಂದ ವಂತಿಗೆ ಕಳೆಯುವ ಈ ಕ್ರಮವೇ ಅನೇಕ ದೇಶಗಳಿಗೆ ಮಾದರಿಯಾಯಿತು. ಭಾರತದಲ್ಲಿ 1943ರಲ್ಲಿ ಪ್ರೊಫೆಸರ್ ಬಿ. ಪಿ. ಅದಾರ್ಕರ್ ಅವರಿಗೆ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ಸಿದ್ಧಪಡಿಸುವ ಹೊಣೆ ವಹಿಸಲಾಯಿತು. ಅವರು 1944ರಲ್ಲಿ ಕೊಟ್ಟ ವರದಿಯ ತಳಹದಿಯ ಮೇಲೆ 1948ರ ನೌಕರರ ರಾಜ್ಯ ವಿಮಾ ಕಾಯಿದೆ, ಎಂದರೆ ನಾವೆಲ್ಲ ಇಎಸ್‌ಐ ಎನ್ನುವ ವ್ಯವಸ್ಥೆ, ನಿಂತಿತು. 1952ರ ಫೆಬ್ರವರಿ 24ರಂದು ನೆಹರೂ ಅವರು ಕಾನಪುರದಲ್ಲಿ ಅದನ್ನು ಉದ್ಘಾಟಿಸಿದರು. ಅದು ಕಾರ್ಖಾನೆಯ ಹಾಜರಿ ಪುಸ್ತಕಕ್ಕೆ ಗಂಟು ಹಾಕಿದ ರಕ್ಷೆ. ಆದರೂ ಅನೇಕರಿಗೆ ತಿಳಿಯದ ಒಂದು ಕಿಟಕಿ ಅದರಲ್ಲಿದೆ. ಕನಿಷ್ಠ ಐದು ವರ್ಷ ವಿಮೆಯ ವ್ಯಾಪ್ತಿಯಲ್ಲಿ ದುಡಿದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿ, ತಮಗೂ ತಮ್ಮ ಪತಿ ಅಥವಾ ಪತ್ನಿಗೂ ಚಿಕಿತ್ಸೆ ಪಡೆಯಬಹುದು. ಕಾರ್ಖಾನೆಗಳಲ್ಲಿ ದುಡಿದ ನಮ್ಮ ಬಂಧುಗಳು ಇದನ್ನು ಗಮನಿಸಬೇಕು.

ಕೇಂದ್ರ ಸರ್ಕಾರವು 1954ರಲ್ಲಿ ತನ್ನ ನೌಕರರಿಗಾಗಿ ದೆಹಲಿಯಲ್ಲಿ ಸಿಜಿಎಚ್‌ಎಸ್ ಆರಂಭಿಸಿತು. ಬೆಂಗಳೂರಿಗೆ ಅದು ಬಂದದ್ದು 1976ರಲ್ಲಿ. ಇದರಲ್ಲಿ ಪಿಂಚಣಿದಾರರಿಗೂ ಸ್ಥಾನವಿದೆ. ಹತ್ತು ವರ್ಷಗಳ ವಂತಿಗೆಯನ್ನು ಒಮ್ಮೆಲೇ ಕಟ್ಟಿದರೆ ಜೀವಮಾನದ ಕಾರ್ಡು ದೊರೆಯುತ್ತದೆ. ರಾಜ್ಯ ಸರ್ಕಾರದ ನೌಕರರ ಕಥೆ ಬೇರೆ. 1963ರ ವೈದ್ಯಕೀಯ ಹಾಜರಾತಿ ನಿಯಮಗಳು ಸೇವೆಯಲ್ಲಿರುವವರಿಗೆ ವೆಚ್ಚ ಮರುಪಾವತಿಯ ಹಕ್ಕು ಕೊಟ್ಟವು. 2015ರಲ್ಲಿ ಜಾರಿಗೆ ಬಂದ ಜ್ಯೋತಿ ಸಂಜೀವಿನಿ ಯೋಜನೆಯೂ ಸೇವೆಯಲ್ಲಿರುವವರನ್ನೇ ಉದ್ದೇಶಿಸಿತ್ತು.

ವಿಮೆಯಿಲ್ಲದ ವೃದ್ಧಾಪ್ಯ ಎಂದರೇನೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. 1990ರ ದಶಕದಲ್ಲಿ ನಿವೃತ್ತರಾದ ಸಹೋದ್ಯೋಗಿಯೊಬ್ಬರು ಕಮ್ಯುಟೇಷನ್ ಹಣದಿಂದ ಮನೆಯ ಮೇಲೊಂದು ಮಹಡಿ ಕಟ್ಟಿಸಬೇಕೆಂದಿದ್ದರು. ಎರಡನೆಯ ವರ್ಷವೇ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಪ್ರಾಣ ಉಳಿಯಿತು, ಹಣ ಉಳಿಯಲಿಲ್ಲ. ಆ ಮನೆಯ ತಾರಸಿಯ ಮೇಲೆ ಕಂಬಕ್ಕೆಂದು ಬಿಟ್ಟಿದ್ದ ಕಬ್ಬಿಣದ ಸರಳುಗಳು ಅವರ ಕಾಲ ಮುಗಿಯುವವರೆಗೂ ತುಕ್ಕು ಹಿಡಿದು ನಿಂತೇ ಇದ್ದವು.

ಇಂಥವರಿಗೆ ಉಳಿದಿದ್ದ ಇನ್ನೊಂದು ದಾರಿ ಸ್ವಂತ ಹಣದ ವಿಮೆ. 1972ರ ಕಾಯಿದೆಯಿಂದ ಸಾಮಾನ್ಯ ವಿಮೆಯು ರಾಷ್ಟ್ರೀಕರಣಗೊಂಡು, ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕರಲ್ಲಿ ಲೀನವಾದವು. ಈ ನಾಲ್ಕೂ ಕಂಪನಿಗಳು 1986ರಲ್ಲಿ ತಂದದ್ದೇ ಮೆಡಿಕ್ಲೇಮ್. 1999ರ ಕಾಯಿದೆಯ ನಂತರ ಖಾಸಗಿ ಕಂಪನಿಗಳೂ ಬಂದವು. ಆದರೆ ಇಲ್ಲಿಯೂ ವಯಸ್ಸೇ ಶತ್ರು: ಕಾಯಿಲೆ ಬರುವ ಪ್ರಾಯದಲ್ಲಿಯೇ ಬಾಗಿಲು ಕಿರಿದಾಗುತ್ತಿತ್ತು. ಅದನ್ನು ಅಗಲಿಸಿದ್ದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳು. 2013ರಲ್ಲಿ 65 ವರ್ಷದವರೆಗೆ ಪ್ರವೇಶವೂ ಜೀವಮಾನವಿಡೀ ನವೀಕರಣವೂ ಕಡ್ಡಾಯವಾದವು. 2024ರಲ್ಲಿ 65ರ ಮಿತಿಯೂ ಹೋಯಿತು. ಮೊದಲೇ ಇರುವ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯು ನಾಲ್ಕು ವರ್ಷಗಳಿಂದ ಮೂರಕ್ಕೆ ಇಳಿಯಿತು. 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ಪ್ರಾಧಿಕಾರದೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚು ಏರಿಸಕೂಡದೆಂದು ಆದೇಶವಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡ 18ರ ಜಿಎಸ್‌ಟಿ ರದ್ದಾಯಿತು.

ಇತ್ತ ಸರ್ಕಾರಗಳೂ ಹಾಜರಿ ಪುಸ್ತಕದ ಆಚೆಗೆ ಕಣ್ಣು ಹಾಯಿಸಿದವು. ನಮ್ಮ ರಾಜ್ಯದಲ್ಲಿ 2003ರಲ್ಲಿ ಸಹಕಾರಿ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಜಾರಿಗೆ ಬಂತು. ಮೊದಲ ವರ್ಷದ ವಂತಿಗೆ ಕೇವಲ 60 ರೂಪಾಯಿ. 2018ರಲ್ಲಿ ಆಯುಷ್ಮಾನ್ ಭಾರತ್ ಬಂತು. 2024ರ ಅಕ್ಟೋಬರ್ 29ರಂದು, 70 ದಾಟಿದ ಎಲ್ಲರಿಗೂ ಆದಾಯವನ್ನು ಕೇಳದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ರಕ್ಷೆ ಕೊಡುವ ವಯೋವಂದನ ಕಾರ್ಡನ್ನು ಕೇಂದ್ರ ಸರ್ಕಾರ ಆರಂಭಿಸಿತು. ಉದ್ಯೋಗವನ್ನೂ ಬಡತನವನ್ನೂ ಕೇಳದೆ ವಯಸ್ಸೊಂದನ್ನೇ ಅರ್ಹತೆಯೆಂದು ಎಣಿಸಿದ್ದು ಇದರ ವಿಶೇಷ. ಆದರೆ ಇಂಥ ಯೋಜನೆಗಳು ನಡೆಯುವುದು ರಾಜ್ಯಗಳ ಮೂಲಕ ಮತ್ತು ನೋಂದಾಯಿತ ಆಸ್ಪತ್ರೆಗಳಲ್ಲಿ. ಆದ್ದರಿಂದ ನಿಮ್ಮೂರಿನ ಆಸ್ಪತ್ರೆ ಕಾರ್ಡನ್ನು ಒಪ್ಪುತ್ತದೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಳ್ಳಿ.

ಈಗ ಮೊದಲಿನ ಪ್ರಶ್ನೆಗೆ ಉತ್ತರ. ಸರ್ಕಾರದ ರಕ್ಷೆಯನ್ನು ತಳಪಾಯವೆಂದು ತಿಳಿಯಿರಿ. ಅದಕ್ಕೆ ಅರ್ಹರಾಗಿದ್ದರೆ ಸಂಕೋಚವಿಲ್ಲದೆ ಪಡೆಯಿರಿ. ಅದರ ಜೊತೆಗೆ ಸ್ವಂತ ವಿಮೆಯೊಂದಿರಲಿ. ಅರವತ್ತಕ್ಕೂ ಎಪ್ಪತ್ತಕ್ಕೂ ನಡುವಿನ ಹತ್ತು ವರ್ಷ ಅನೇಕರಿಗೆ ಬಯಲು ದಾರಿ. ಅಲ್ಲಿ ನೆರಳು ನಾವೇ ಮಾಡಿಕೊಳ್ಳಬೇಕು. ದೊಡ್ಡ ಮೊತ್ತದ ವಿಮೆ ದುಬಾರಿಯೆನಿಸಿದರೆ, ಸಣ್ಣ ವಿಮೆಯ ಮೇಲೆ ಸೂಪರ್ ಟಾಪ್-ಅಪ್ ತೆಗೆದುಕೊಳ್ಳಬಹುದು. ವರ್ಷದ ಒಟ್ಟು ವೆಚ್ಚವು ನಿಗದಿತ ಮೊತ್ತವನ್ನು ಮೀರಿದ ನಂತರದ ಭಾರವನ್ನು ಅದು ಹೊರುತ್ತದೆ. ಬರೀ ಟಾಪ್-ಅಪ್ ಆದರೆ ಪ್ರತಿ ಸಲದ ಆಸ್ಪತ್ರೆ ಬಿಲ್ಲನ್ನೂ ಬೇರೆಯಾಗಿಯೇ ಎಣಿಸುತ್ತದೆ. ಈ ವ್ಯತ್ಯಾಸವನ್ನು ಸಹಿ ಹಾಕುವ ಮೊದಲೇ ಕೇಳಿ ತಿಳಿಯಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾಯುವ ಅವಧಿ ನೌಕರಿಯಲ್ಲಿರುವಾಗಲೇ ಕಳೆದುಹೋಗುವಂತೆ ಐವತ್ತೈದರ ಹೊತ್ತಿಗೇ ವಿಮೆ ಮಾಡಿಸಿರಿ.

ಕಚೇರಿ ಕೊಟ್ಟ ರಕ್ಷೆ ಬೀಳ್ಕೊಡುಗೆಯ ಹಾರದೊಂದಿಗೇ ಮುಗಿಯುವುದುಂಟು. ಇದನ್ನು ಓದುತ್ತಿರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ: ಮುಂದಿನ ಬಾರಿ ಊರಿಗೆ ಬಂದಾಗ ತಂದೆತಾಯಿಯರ ವಿಮೆಯ ಕಾಗದವನ್ನು ಒಮ್ಮೆ ತೆರೆದು ಓದಿ. ಕಾಗದವೇ ಇಲ್ಲದಿದ್ದರೆ, ಅಂದೇ ಒಂದರ ವಿಚಾರ ಮಾಡಿ.