ಉಬುಂಟು ಗಣಕಯಂತ್ರ: ತಂತ್ರಾಂಶ ಮೂಲವಿಳಾಸಗಳ ದೋಷ ನಿವಾರಣೆ

ಉಬುಂಟುವಿನಲ್ಲಿ ‘ಸುಡೋ ಆಪ್ಟ್ ಅಪ್‌ಡೇಟ್’ ಆದೇಶ ನೀಡಿದಾಗ ದೋಷಸಂಖ್ಯೆ 404 ಕಂಡುಬಂದಲ್ಲಿ, ಕೋರಿದ ಕಡತವು ಆ ವಿಳಾಸದಲ್ಲಿ ಲಭ್ಯವಿಲ್ಲವೆಂದು ಅರ್ಥ. ಆವೃತ್ತಿಯ ಬೆಂಬಲಾವಧಿ ಮುಗಿದಿರುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಉದಾಹರಣೆಗೆ, 23.10 ಆವೃತ್ತಿಯ ಅವಧಿಯು ಜುಲೈ 2024ರಲ್ಲಿ ಮುಕ್ತಾಯಗೊಂಡಿದೆ. ಇಂತಹ ಆವೃತ್ತಿಗಳ ಕಡತಗಳನ್ನು ಕಾಲಕ್ರಮದಲ್ಲಿ ಹಳೆಯ ಆವೃತ್ತಿಗಳ ಸರ್ವರ್‌ಗೆ ವರ್ಗಾಯಿಸಲಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು:

1. ದೋಷಸಾಲಿನಲ್ಲಿರುವ ವಿಳಾಸವನ್ನು ಗುರುತಿಸಿಕೊಳ್ಳುವುದು.
2. ‘ಎಲ್‌ಎಸ್‌ಬಿ_ರಿಲೀಸ್ -ಎ’ ಆದೇಶದಿಂದ ಆವೃತ್ತಿಯನ್ನು ಖಚಿತಪಡಿಸಿಕೊಳ್ಳುವುದು.
3. ‘ಸೋರ್ಸಸ್.ಲಿಸ್ಟ್’ ಕಡತದ ಪ್ರತಿಯೊಂದನ್ನು ತೆಗೆದಿರಿಸುವುದು.
4. ಅವಧಿ ಮುಗಿದಿದ್ದಲ್ಲಿ, ಕಡತದಲ್ಲಿನ ‘ಆರ್ಕೈವ್’ ಹಾಗೂ ‘ಸೆಕ್ಯುರಿಟಿ’ ವಿಳಾಸಗಳ ಬದಲಿಗೆ ‘ಓಲ್ಡ್-ರಿಲೀಸಸ್.ಉಬುಂಟು.ಕಾಮ್’ ಎಂದು ನಮೂದಿಸಿ, ಆದೇಶವನ್ನು ಪುನಃ ನೀಡುವುದು.

ಸೂಚನೆ: ಹಳೆಯ ಆವೃತ್ತಿಗಳ ಸರ್ವರ್‌ನಲ್ಲಿ ಹೊಸ ಭದ್ರತಾ ಪರಿಷ್ಕರಣೆಗಳು ದೊರೆಯುವುದಿಲ್ಲ. ಆದುದರಿಂದ ಇದು ತಾತ್ಕಾಲಿಕ ಪರಿಹಾರ ಮಾತ್ರ. ಬಳಕೆದಾರರು ತಮ್ಮ ದತ್ತಾಂಶದ ಪ್ರತಿ ತೆಗೆದಿರಿಸಿಕೊಂಡು, ಬೆಂಬಲವಿರುವ ಆವೃತ್ತಿಯನ್ನು ಶೀಘ್ರವಾಗಿ ಅಳವಡಿಸಿಕೊಳ್ಳತಕ್ಕದ್ದು.