ಓಲಿವ್ ಗುಡ್ಡದಿಂದ ಕಂಡ ಜೆರುಸಲೇಮ್



ಗರಿಗಳ ಭಾನುವಾರದಂದು ನಾವು ಗರಿ ಹಿಡಿದು, ‘ಹೊಸಾನ್ನ’ ಹಾಡುತ್ತಾ ಮೆರವಣಿಗೆಯಲ್ಲಿ ಸಾಗುತ್ತೇವೆ. ಆ ಮೊದಲ ಮೆರವಣಿಗೆ ಇಳಿದು ಬಂದದ್ದು ಓಲಿವ್ ಗುಡ್ಡದಿಂದ. ಅಲ್ಲಿ ನಿಂತರೆ ಜೆರುಸಲೇಮ್ ಹೇಗೆ ಕಾಣುತ್ತದೆ? ಛಾಯಾಚಿತ್ರಗಳು ಬರುವ ಮುನ್ನ ಇದನ್ನು ಯುರೋಪಿನ ವಿಶ್ವಾಸಿಗಳಿಗೆ ತೋರಿಸಿದವರಲ್ಲಿ ಜಲವರ್ಣ ಚಿತ್ರಕಾರರು ಪ್ರಮುಖರು.

ಅದು ಕಲೆಯ ಚರಿತ್ರೆಯಲ್ಲಿ ರಮ್ಯ ಯುಗವೆಂದು ಕರೆಯಲಾಗುವ ಕಾಲ. ಪುರಾತನ ನಾಡುಗಳು, ಪಾಳುಬಿದ್ದ ಗೋಡೆಗಳು, ಸಂಜೆಯ ಬೆಳಕು ಕಲಾವಿದರ ಮನಸ್ಸನ್ನು ಸೆಳೆದಿದ್ದವು. ಸ್ಕಾಟ್ಲೆಂಡಿನ ಡೇವಿಡ್ ರಾಬರ್ಟ್ಸ್ 1838-39ರಲ್ಲಿ ಈಜಿಪ್ಟ್ ಮತ್ತು ಪವಿತ್ರ ನಾಡಿನಲ್ಲಿ ಸಂಚರಿಸಿ ಬರೆದ ಚಿತ್ರಗಳು 1842ರಿಂದ ಅಚ್ಚಾಗಿ ಮನೆಮಾತಾದವು. ಇಂಗ್ಲೆಂಡಿನ ಟರ್ನರ್ ಆ ನಾಡಿಗೆ ಕಾಲಿಟ್ಟವರೇ ಅಲ್ಲ. ಅಲ್ಲಿಗೆ ಹೋಗಿ ಬಂದವರ ರೇಖಾಚಿತ್ರಗಳನ್ನು ಮುಂದಿಟ್ಟುಕೊಂಡು ಬೈಬಲಿನ ಸ್ಥಳಗಳಿಗೆ ಬಣ್ಣ ತುಂಬಿದರು. ಇಂಥ ಪ್ರಸಿದ್ಧರ ಹಿಂದೆ ಸಹಿ ಹಾಕದ ಅನೇಕ ಯಾತ್ರಿಕರಿದ್ದರು. ಅವರ ಚಿತ್ರಗಳಿಗೆ ಈಗ ಇರುವ ಹೆಸರು ‘ಅನಾಮಧೇಯ’ ಎಂದಷ್ಟೇ.

ಓಲಿವ್ ಗುಡ್ಡದಿಂದ ಬರೆದ ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಹತ್ತಿರದಲ್ಲಿ ಓಲಿವ್ ಮರಗಳು, ಕೆಳಗೆ ಕಿದ್ರೋನ್ ಕಣಿವೆ, ಎದುರಿಗೆ ಸುಲ್ತಾನ್ ಸುಲೇಮಾನನು 16ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆಗೋಡೆ ಕಾಣುತ್ತವೆ. ಹಿಂದೆ ಮಹಾದೇವಾಲಯವಿದ್ದ ಜಾಗದಲ್ಲಿ ಬಂಡೆಯ ಗುಮ್ಮಟ. ಅದರಾಚೆ ಪವಿತ್ರ ಸಮಾಧಿ ದೇವಾಲಯ. ಬೆಳಕು ಬೇಕಾದೆಡೆ ಕಾಗದದ ಬಿಳುಪನ್ನೇ ಬಿಟ್ಟಿರುತ್ತಾರೆ. ಮೂಲೆಯಲ್ಲಿ ಒಬ್ಬಿಬ್ಬರು ಮನುಷ್ಯರು ಚುಕ್ಕೆಗಳಂತೆ ಇರುತ್ತಾರೆ. ಗೋಡೆ ಎಷ್ಟು ಎತ್ತರ ಎಂದು ತೋರಿಸುವುದೇ ಅವರ ಕೆಲಸ!

ಇದೇ ಗುಡ್ಡದಿಂದ ಯೇಸುಸ್ವಾಮಿಯೂ ಈ ನಗರವನ್ನು ನೋಡಿದರು. ನೋಡಿ ಅತ್ತರು ಎನ್ನುತ್ತಾರೆ ಸಂತ ಲೂಕರು. ಚಿತ್ರಕಾರರಿಗೆ ಕಂಡದ್ದು ಕಲ್ಲಿನ ಚೆಲುವು. ಪ್ರಭುವಿಗೆ ಕಂಡದ್ದು ಆ ಗೋಡೆಗಳೊಳಗಿನ ಜನ, ಅವರ ಮಕ್ಕಳು, ಅವರಿಗೆ ಬರಲಿದ್ದ ಸಂಕಟ. ಕ್ರಿಸ್ತಶಕ 70ರಲ್ಲಿ ರೋಮನ್ ಸೈನ್ಯ ನಗರವನ್ನೂ ಮಹಾದೇವಾಲಯವನ್ನೂ ನಾಶಮಾಡಿತು.

ಪವಿತ್ರ ನಾಡನ್ನು ನಾವು ಯಾವ ಕಣ್ಣಿನಿಂದ ನೋಡುತ್ತೇವೆ? ಗೋಡೆಗೆ ತೂಗುಹಾಕುವ ಚಿತ್ರವಾಗಿಯೇ, ಜನ ಬಾಳುವ ಊರಾಗಿಯೇ? ಸಂತ ಫ್ರಾನ್ಸಿಸರು 1219ರಲ್ಲಿ ಈಜಿಪ್ಟಿನಲ್ಲಿ ಸುಲ್ತಾನನನ್ನು ಶಾಂತಿಯಿಂದ ಭೇಟಿಯಾದರು. 1342ರಲ್ಲಿ ಪೋಪ್ ಆರನೇ ಕ್ಲೆಮೆಂಟ್ ಪವಿತ್ರ ಸ್ಥಳಗಳ ಪಾಲನೆಯನ್ನು ಫ್ರಾನ್ಸಿಸ್ಕನ್ ಸಹೋದರರಿಗೆ ಒಪ್ಪಿಸಿದರು. ಅವರು ಕಲ್ಲುಗಳನ್ನಷ್ಟೇ ಕಾಯಲಿಲ್ಲ. ಯಾತ್ರಿಕರಿಗೆ ಆಶ್ರಯ, ಮಕ್ಕಳಿಗೆ ಶಾಲೆ, ಬಡವರಿಗೆ ಮನೆ ಒದಗಿಸಿದರು. ಅಲ್ಲಿನ ಕ್ರೈಸ್ತರು ಅರಬ್ಬಿ ಭಾಷೆಯಲ್ಲಿ ಪ್ರಾರ್ಥಿಸುವ ಜೀವಂತ ಶಿಲೆಗಳು. 2023ರಲ್ಲಿ ಯುದ್ಧ ಆರಂಭವಾಗಿ ಯಾತ್ರಿಕರ ಬರವು ನಿಂತಾಗ, ಓಲಿವ್ ಮರದಲ್ಲಿ ಶಿಲುಬೆ ಕೆತ್ತಿ ಬದುಕುವ ಬೆತ್ಲೆಹೇಮಿನ ಕುಟುಂಬಗಳ ಅನ್ನಕ್ಕೇ ಪೆಟ್ಟುಬಿತ್ತು.

ಶುಭ ಶುಕ್ರವಾರದಂದು ಪವಿತ್ರ ನಾಡಿಗಾಗಿ ಕಾಣಿಕೆ ಎತ್ತುವುದನ್ನು ಪೋಪ್ ಆರನೇ ಪೌಲರು 1974ರಲ್ಲಿ ದೃಢಪಡಿಸಿದರು. ನಾವು ಹಾಕುವ ಹತ್ತು ರೂಪಾಯಿಯೂ ಚಿತ್ರದ ಮೂಲೆಯ ಆ ಚುಕ್ಕೆಯಂಥ ಮನುಷ್ಯನನ್ನು ತಲುಪುತ್ತದೆ.

ಪ್ರಭು ಅತ್ತ ನೆನಪಿಗೆ ಓಲಿವ್ ಗುಡ್ಡದಲ್ಲಿ 1955ರಲ್ಲಿ ಪೂರ್ಣಗೊಂಡ ಚಿಕ್ಕ ದೇವಾಲಯವಿದೆ. ಅದರ ಬಲಿಪೀಠದ ಹಿಂದಿನ ಕಿಟಕಿಯಲ್ಲಿ ಇಡೀ ಜೆರುಸಲೇಮ್ ಕಾಣುತ್ತದೆ. ಚೌಕಟ್ಟಿನೊಳಗಿನ ಚಿತ್ರದಂತಿದ್ದರೂ ಅದರಲ್ಲಿ ಜನ ನಡೆದಾಡುತ್ತಾರೆ. ಈ ಪವಿತ್ರ ವಾರದಲ್ಲಿ ಅವರ ಶಾಂತಿಗಾಗಿ ಪ್ರಾರ್ಥಿಸೋಣ.