ನೀಲಿಯ ಬಾನಿಯಲ್ಲಿ ತಗಚೆಯ ಬೀಜ

ನೀಲಿಯ ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು 1859-60ರಲ್ಲಿ ಬಂಗಾಳದ ರೈತರು ಎದ್ದ ದಂಗೆ, ಇಲ್ಲವೆ 1917ರಲ್ಲಿ ಗಾಂಧೀಜಿ ಕಾಲಿಟ್ಟ ಚಂಪಾರಣ್ಯ. ಆ ಕಥೆಯನ್ನು ಮರೆಯಬಾರದು, ನಿಜ. ಆದರೆ ಅದು ಹೊಲದ ಕಥೆ. ಬಟ್ಟೆಗೆ ಬಣ್ಣವೇರಿಸಿದವನ ಅಂಗಳದ ಕಥೆಯನ್ನು ನಾವು ಅಷ್ಟಾಗಿ ಕೇಳಲಿಲ್ಲವೆಂಬುದು ನನ್ನ ಕೊರಗು.

ನೀಲಿಯ ಗುಣವೇ ವಿಚಿತ್ರ. ಗಿಡದಿಂದ ತೆಗೆದು ಒಣಗಿಸಿದ ನೀಲಿಯನ್ನು ಎಷ್ಟು ಕದಡಿದರೂ ಅದು ನೀರಿನಲ್ಲಿ ಕರಗದು. ಕರಗದ ಬಣ್ಣ ನೂಲಿನೊಳಕ್ಕೆ ಇಳಿಯದು. ಸುಣ್ಣ, ಸೌಳುಮಣ್ಣುಗಳ ಕ್ಷಾರದ ನೀರಿನಲ್ಲಿಟ್ಟು ಹುದುಗೆಬ್ಬಿಸಬೇಕು. ಆಗ ಬಾನಿಯ ನೀರು ಹಸುರು ಬೆರೆತ ಹಳದಿಗೆ ತಿರುಗುತ್ತದೆ. ಅದ್ದಿ ತೆಗೆದ ಬಟ್ಟೆಯೂ ಮೊದಲು ಹಾಗೆಯೇ ಇದ್ದು, ಗಾಳಿ ತಾಕಿದಂತೆಲ್ಲ ನೀಲಿಯಾಗುತ್ತದೆ. ಪಂಚತಂತ್ರದ ನರಿ ಇಂಥ ಬಾನಿಗೆ ಬಿದ್ದಿದ್ದರೆ, ಕಾಡಿಗೆ ಓಡುವ ದಾರಿಯಲ್ಲಿ ಅದರ ಮೈ ನೀಲಿಗೆ ತಿರುಗಿರಬೇಕು!

ಹುದುಗು ಏಳಬೇಕಾದರೆ ಅದಕ್ಕೊಂದು ಆಹಾರ ಬೇಕು. ದಕ್ಷಿಣ ಭಾರತದ ಬಣ್ಣಗಾರರು ಇದಕ್ಕೆ ಆರಿಸಿದ್ದು ತಗಚೆಯನ್ನು. ಮಳೆಗಾಲದಲ್ಲಿ ಬೀದಿಯ ಬದಿಯಲ್ಲಿ ತಾನಾಗಿ ಹುಟ್ಟುವ, ಬಡವರು ಸೊಪ್ಪಿಗಾಗಿ ಚಿವುಟಿಕೊಳ್ಳುವ ಗಿಡವದು. ಅದರ ಬೀಜವನ್ನು ಬೇಯಿಸಿ, ಲೋಳೆಯಾದ ಗಂಜಿಯನ್ನು ಬಾನಿಗೆ ಸುರಿಯುತ್ತಿದ್ದರು. ಯೂರೋಪಿನವರು ತಮ್ಮ ಬಾನಿಗೆ ಗೋಧಿಯ ತೌಡನ್ನೂ ಮಂಜಿಷ್ಠದ ಜಾತಿಯ ಬೇರನ್ನೂ ಹಾಕಿದರು. ಜಪಾನಿನವರು ತೌಡಿನೊಡನೆ ಅಕ್ಕಿಯ ಮದ್ಯವನ್ನು ಸೇರಿಸಿದರು.

1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. ರಾಸಾಯನಿಕ ಪುಡಿಗಳು ಹುದುಗಿನ ಕೆಲಸವನ್ನು ವಹಿಸಿಕೊಂಡವು. ಬೆಳಗಾವಿ, ವಿಜಾಪುರಗಳ ಕಡೆ ನೀಲಗಾರ, ಬಣ್ಣಗಾರ ಎಂಬ ಅಡ್ಡಹೆಸರುಗಳು ಉಳಿದವು; ಬಾನಿಗಳು ಒಂದೊಂದಾಗಿ ಒಣಗಿದವು.

ಒಂದು ಶತಮಾನದ ಬಳಿಕ ವಿಜ್ಞಾನಿಗಳು ಹಳೆಯ ಬಾನಿಯತ್ತ ತಿರುಗಿದರು. ಯೂರೋಪಿನ ನೀಲಿಗಿಡವಾದ ವೋಡ್‌ನ ಬಾನಿಯಿಂದ ಬೇರ್ಪಡಿಸಿದ ಸೂಕ್ಷ್ಮಾಣುವಿಗೆ 1999ರಲ್ಲಿ ಕ್ಲಾಸ್ಟ್ರಿಡಿಯಂ ಐಸಟಿಡಿಸ್ ಎಂದು ಹೆಸರಿಟ್ಟರು. ಮಂಜಿಷ್ಠದ ಬೇರಿನಲ್ಲಿರುವ ಆಂತ್ರಾಕ್ವಿನೋನ್ ವರ್ಗದ ದ್ರವ್ಯಗಳು ಈ ಜೀವಿಯ ಕೆಲಸವನ್ನು ಚುರುಕುಗೊಳಿಸುತ್ತವೆಂದು ಆಮೇಲೆ ತಿಳಿಯಿತು: ನೀಲಿಯ ಕಣ ಒಂದು ದಡವಾದರೆ ಸೂಕ್ಷ್ಮಾಣು ಇನ್ನೊಂದು ದಡ, ಈ ದ್ರವ್ಯ ನಡುವಿನ ದೋಣಿ. ಇದೇ ವರ್ಗದ ದ್ರವ್ಯಗಳು ತಗಚೆಯ ಬೀಜದಲ್ಲಿಯೂ ಇವೆ. ಹಾಗಾದರೆ ನಮ್ಮ ಬಣ್ಣಗಾರನ ಒಂದೇ ಗಂಜಿ ಹುದುಗಿಗೆ ಊಟವೂ ದೋಣಿಯೂ ಆಗಿತ್ತೆಂದು ನಾನು ಊಹಿಸುತ್ತೇನೆ.

ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಕೊಂಬು ಊದುವವನು ನಾನಲ್ಲ. ಬಣ್ಣಗಾರನಿಗೆ ಸೂಕ್ಷ್ಮಾಣುವಿನ ಸುದ್ದಿ ಗೊತ್ತಿರಲಿಲ್ಲ. ಆದರೆ ಬಾನಿಯ ವಾಸನೆ, ನೊರೆ, ಬಣ್ಣಗಳನ್ನು ಕಂಡು ಅದರ ಹಸಿವನ್ನು ಅರಿಯುತ್ತಿದ್ದ. ಕಾರಣ ತಿಳಿಯದೆಯೂ ಕಾರ್ಯವನ್ನು ಸಾಧಿಸುವ ಆ ತಿಳಿವು ಪುಸ್ತಕದಲ್ಲಿರಲಿಲ್ಲ. ತಂದೆಯ ಕೈಯಿಂದ ಮಗನ ಕೈಗೆ ದಾಟುತ್ತಿತ್ತು. ಕೈ ಬೇರೆ ಕಸುಬು ಹಿಡಿದ ದಿನ ಅದರ ದಾರಿ ಮುಚ್ಚಿತು. ತಗಚೆ ಮಾತ್ರ ಇಂದಿಗೂ ಬೀದಿಯ ಬದಿಯಲ್ಲಿ ಯಾರೂ ಬಿತ್ತದೆಯೇ ಬೆಳೆಯುತ್ತಿದೆ.